ಗುರುಮಲ್ಲಪ್ಪ ಮಾಷ್ಟ್ರು ಕರೆಯಲಿಲ್ಲ

ಹನ್ನೊಂದು ಅಂಗಿಗಳಲ್ಲಿ ಏಳನ್ನು ಒಗೆದು ಹಿಂಡಿ ಆಗಿತ್ತು. ಎಂಟನೆಯದಕ್ಕೆ ಸಾಬೂನು ಹಚ್ಚಲೆಂದು ಕಲ್ಲಿನ ಮೇಲೆ ಹರಡಿದ್ದೆ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ದೊಡ್ಡ ಸ್ವರ ಬಂತು:

“ಅಮ್ಮ, ತಡೀರಿ ತಡೀರಿ! ಒಗೀಬೇಡಿ!”

ತಿರುಗಿ ನೋಡಿದರೆ ಬಿಳಿ ಪ್ಯಾಂಟು ಹಾಕಿದ, ಕುತ್ತಿಗೆಗೆ ವಿಸಿಲು ಕಟ್ಟಿಕೊಂಡ ಒಬ್ಬ ಎತ್ತರದ ಮನುಷ್ಯ. ಕೈಯಲ್ಲಿ ಒಂದು ಸಣ್ಣ ನೋಟುಪುಸ್ತಕ.

“ಒಗೆಯುವುದು ಬೇಡದಿದ್ದರೆ ಇದನ್ನು ಮತ್ತೆ ಎಂತ ಮಾಡುವುದು?” ಎಂದು ಕೇಳಿದೆ.

“ಮೊದಲು ಓದ್ಬೇಕು ಕಣಮ್ಮ.”

ಹೇಳಿದವರೇ ಕುಕ್ಕರಗಾಲಲ್ಲಿ ಕುಳಿತು, ಒಗೆಯದೆ ಉಳಿದ ನಾಲ್ಕು ಅಂಗಿಗಳನ್ನು ಒಂದೊಂದಾಗಿ ಎತ್ತಿ, ಎದುರು ನೋಡಿದರು, ಬೆನ್ನು ನೋಡಿದರು, ತೋಳು ಮಡಚಿ ನೋಡಿದರು. “ಈ ಮೂರನೇ ನಂಬರು ಯಾರದು? ಮೊಣಕೈಗೆ ಒಂದು ಚೂರು ಮಣ್ಣಿಲ್ಲ. ನಿನ್ನೆ ಇಡೀ ಆಟ ಈ ಮಹಾರಾಯ ಬಿದ್ದೇ ಇಲ್ಲ ನೋಡಿ!” ಎಂದು ಪುಸ್ತಕದಲ್ಲಿ ಏನೋ ಗೀಚಿಕೊಂಡು ಹೊರಟುಹೋದರು.

ಹೀಗೆ ೧೯೫೮ನೇ ಇಸವಿಯ ಜುಲೈ ತಿಂಗಳಲ್ಲಿ, ಮಿಜಾರಿನ ನಮ್ಮ ಕಾಲೇಜಿನ ಬಾವಿಕಟ್ಟೆಯ ಬಳಿ ನನಗೆ ಮೊದಲು ಕಾಣಸಿಕ್ಕಿದವರು, ಈ ಸಂಪುಟದ ಮೂಲಕ ನಾವೆಲ್ಲರೂ ಗೌರವಿಸುತ್ತಿರುವ ಶ್ರೀ ಎಸ್. ಗುರುಮಲ್ಲಪ್ಪನವರು. ಬರಿಗಾಲಿನಲ್ಲಿ ಚೆಂಡಿನ ಹಿಂದೆ ಹಿಂಡಾಗಿ ಓಡುತ್ತಿದ್ದ ಹುಡುಗರನ್ನು ಒಂದೇ ಮಳೆಗಾಲದಲ್ಲಿ ಫುಟ್‌ಬಾಲ್ ತಂಡವಾಗಿ ಕಟ್ಟಿ, ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳ ಮೈದಾನಗಳಲ್ಲಿ ನಮ್ಮ ಕಾಲೇಜಿನ ಹೆಸರು ಕೇಳಿಬರುವಂತೆ ಮಾಡಿದ ಅವರ ಹಿರಿಮೆಯನ್ನು ಆಟ ಬಲ್ಲವರು ಈ ಪುಸ್ತಕದ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾನು ಆಟ ಬಲ್ಲವಳಲ್ಲ. ಆಟದ ಸಾಮಾನಿನ ಕೋಣೆ ಗುಡಿಸಿ, ಅಂಗಿ ಒಗೆದು, ಆಟದ ದಿನ ಹುಡುಗರಿಗೆ ನೀರು ಕೊಟ್ಟವಳು. ಅಕ್ಷರ ಕಲಿತದ್ದು ಐವತ್ತಮೂರನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಸಂಪಾದಕರು “ಜಲಜಾಕ್ಷಿಯವರೇ, ನೀವೂ ನಾಲ್ಕು ಮಾತು ಬರೆಯಿರಿ” ಎಂದಾಗ ನನಗೆ ಮೊದಲು ಬಂದದ್ದು ಅನುಮಾನ: ಇವರಿಗೆ ಹೊಗಳಿಕೆ ಬೇಕೋ, ಸತ್ಯ ಬೇಕೋ?

ಹೊಗಳಿಕೆ ಹೇಗೂ ಬರುತ್ತದೆ. ಮೊದಲು ಇನ್ನೊಂದನ್ನು ಹೇಳಬೇಕು. ಗುರುಮಲ್ಲಪ್ಪನವರ ಸರ್ವಿಸು ಪುಸ್ತಕದಲ್ಲಿ ಒಂದು ಕೆಟ್ಟ ಸಾಲು ಉಂಟು. ‘ನಂಬಿಕೆಗೆ ತಕ್ಕವರಲ್ಲ, ತಂಡದ ಹೊಣೆ ಇವರಿಗೆ ಕೊಡತಕ್ಕದ್ದಲ್ಲ’ ಎಂಬ ಆ ಸಾಲನ್ನು ಹೊತ್ತುಕೊಂಡೇ ಅವರು ಈ ಜೂನ್ ತಿಂಗಳ ಮೂವತ್ತಕ್ಕೆ ನಿವೃತ್ತರಾಗುತ್ತಾರೆ. ಪುಸ್ತಕ ಮುಚ್ಚಿದ ಮೇಲೆ ಅದನ್ನು ಹೊಡೆದುಹಾಕುವವರು ಇಲ್ಲ. ಬೆಳ್ತಂಗಡಿಯ ಪಕ್ಕದ ಲಾಯಿಲದ ಹುಡುಗರು ಹೊಸ ತಂಡ ಕಟ್ಟಿ, ನಮಗೆ ಗುರುಮಲ್ಲಪ್ಪ ಮಾಷ್ಟ್ರೇ ಆಗಬೇಕು ಎನ್ನುತ್ತಿದ್ದಾರೆ. ಆ ಸಾಲು ಇರುವ ಮನುಷ್ಯ ಬೇಡ ಎಂದು ಅಲ್ಲಿಯ ಹಿರಿಯರು ತಡೆದಿದ್ದಾರೆ. ಆ ಸಾಲು ಬೀಳುವುದಕ್ಕೆ ನಾನೂ ಕಾರಣಳು.

ಆ ಕಾಲದ ಮಾತನ್ನು ಇಂದಿನ ಹುಡುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗ ಎರಡು ವರ್ಷ ತುಂಬಿರಲಿಲ್ಲ. ಘಟ್ಟದ ಮೇಲಿನವರೆಂದರೆ ನಮ್ಮವರಿಗೆ ಒಂದು ಬಗೆಯ ಅಳುಕು. ಇವರೋ ನಂಜನಗೂಡಿನ ಕಡೆಯವರು. ಮೀನು ಮುಟ್ಟುವವರಲ್ಲ; ತುಳುವಿನ ಒಂದು ಅಕ್ಷರ ತಿಳಿಯದು; ನಾವು ಶಾಲೆಯ ಪುಸ್ತಕ ಓದಿದ ಹಾಗೆ ನಿಧಾನವಾಗಿ ಆಡುವ ಕನ್ನಡವನ್ನು ಇವರು ಓಡಿಕೊಂಡು ಆಡುವವರು. ಸಾಲದ್ದಕ್ಕೆ ದಿನಾ ಬೆಳಗ್ಗೆ ಬಾವಿಕಟ್ಟೆಗೆ ಬಂದು ಕೊಳಕು ಅಂಗಿ ಮೂಸಿ ನೋಡುವ ಹಾಗೆ ನೋಡುವವರು!

ಕಾಲೇಜಿನ ಕಾವಲಿನ ಹುಕ್ರಪ್ಪ ನನ್ನ ಕಿವಿಯಲ್ಲಿ ಊದಿದ: “ಅವರು ಅಂಗಿ ನೋಡುವುದು ಯಾಕೆ ಗೊತ್ತುಂಟಾ ಜಲಜಕ್ಕ? ನೀನು ಸಾಬೂನು ಕದಿಯುತ್ತೀಯಾ ಅಂತ.”

“ಸಾಬೂನು ಕದ್ದು ನಾನು ಎಂತ, ಮೂಡುಬಿದಿರೆ ಪೇಟೆಯಲ್ಲಿ ಅಂಗಡಿ ಇಡುವುದಾ?” ಎಂದು ನಾನು ನಕ್ಕೆ. ನಕ್ಕರೂ ಮಾತು ಒಳಗೆ ಹೋಗಿ ಕುಳಿತಿತು.

ಆಗಸ್ಟಿನಲ್ಲಿ ನನ್ನ ಕೈಗಳು ಬಟ್ಟೆ ಒಗೆಯುವ ಸೋಡ ತಾಗಿ ಬಿರಿದು ರಕ್ತ ಬಂದದ್ದನ್ನು ನೋಡಿ, ಅವರು ಯಾರನ್ನೂ ಕೇಳದೆ ಬಾವಿಕಟ್ಟೆಯ ಹತ್ತಿರ ಒಲೆ ಹೂಡಿಸಿ, ಬಿಸಿನೀರಿನ ಒಂದು ತಾಮ್ರದ ಹಂಡೆ ಇಡಿಸಿಕೊಟ್ಟರು. ಕಲ್ಲಿನ ಮೇಲೆ ಮಳೆ ಬೀಳದ ಹಾಗೆ ತಾವೇ ನಿಂತು ತೆಂಗಿನಗರಿಯ ಮಡಲಿನ ಮಾಡು ಹಾಕಿಸಿದರು. ಇಪ್ಪತ್ತು ವರ್ಷ ಆ ಕಲ್ಲಿನ ಎದುರು ನಿಂತವಳಿಗೆ ಅದುವರೆಗೆ ಯಾರೂ ಮಾಡದ ಉಪಕಾರ ಅದು. ನಾನು ಕೃತಜ್ಞತೆ ಹೇಳಿದೆನೇ? ಇಲ್ಲ. ಇವರಿಗೆ ನನ್ನಿಂದ ಎಂತ ಆಗಬೇಕಾಗಿದೆ ಎಂದು ಯೋಚಿಸಿದೆ.

ಅಂಗಿಯನ್ನು ಓದಿ ಅವರು ಮಾಡಿದ ಕೆಲಸ ಬೇಗ ಕಂಡಿತು. ಬೀಳದ ಮೂರನೇ ನಂಬರು ಬೆಂಚಿಗೆ ಬಂದ. ಗೋಲಿನಲ್ಲಿ ನಿಲ್ಲುವ ಯಾಕೂಬನ ಅಂಗಿಯ ಎದೆಗೆ ಮಾತ್ರ ಮಣ್ಣಿದ್ದುದನ್ನು ನೋಡಿ, ಅವನಿಗೆ ಪಕ್ಕಕ್ಕೆ ಹಾರುವುದನ್ನು ಒಂದು ತಿಂಗಳು ಕಲಿಸಿದರು. ಅದುವರೆಗೆ ನಡುವಿನಲ್ಲಿ ಆಡುತ್ತಿದ್ದ ಧರಣೇಂದ್ರನನ್ನು ರೈಟ್ ಔಟ್ ಜಾಗಕ್ಕೆ, ಎಂದರೆ ಮೈದಾನದ ಅಂಚಿಗೆ, ಕಳುಹಿಸಿದರು. ಬೆಳ್ತಂಗಡಿಯಲ್ಲಿ ಗೆದ್ದೆವು. ಮೂಡುಬಿದಿರೆಯಲ್ಲಿ ಎರಡು ಆಟ ಗೆದ್ದೆವು. ಎರಡರಲ್ಲೂ ಗೋಲು ಧರಣೇಂದ್ರನದೇ.

ಆದರೆ ಧರಣೇಂದ್ರನ ಸೋದರಮಾವ ವೀರರಾಜರು ಕಾಲೇಜಿನ ಕಾರ್ಯದರ್ಶಿಗಳು. ದೊಡ್ಡ ಮನೆತನ, ನನಗೆ ಕೆಲಸ ಕೊಡಿಸಿದ ಧಣಿಗಳೂ ಅವರೇ. “ನಡುವೆ ಆಡುವ ನಮ್ಮ ಹುಡುಗನನ್ನು ಬೇಲಿಯ ಬದಿಗೆ ಕಟ್ಟಿದ್ದಾನಲ್ಲ, ಇದರ ಹಿಂದೆ ಎಂತ ಉಂಟು ನೋಡಬೇಕು” ಎಂದು ಅವರು ಹೇಳಿದ್ದು ಊರಿಡೀ ಹರಡಿತು. ಅಲ್ಲಿಂದ ಎಲ್ಲರೂ ನೋಡತೊಡಗಿದರು. ಮಾಷ್ಟ್ರು ಯಾರೊಟ್ಟಿಗೆ ಮಾತಾಡುತ್ತಾರೆ, ಆ ಪುಸ್ತಕದಲ್ಲಿ ಎಂತ ಬರೆಯುತ್ತಾರೆ, ಆದಿತ್ಯವಾರ ಎಲ್ಲಿ ಹೋಗುತ್ತಾರೆ. ನಾನೂ ನೋಡಿದೆ.

ನವೆಂಬರ್ ಒಂದರಂದು ರಾಜ್ಯೋತ್ಸವ. ಬಾವುಟ ಏರಿಸಿದ ಮೇಲೆ ಮಾಷ್ಟ್ರು ಹುಡುಗರನ್ನು ಸಾಲಾಗಿ ನಿಲ್ಲಿಸಿ, “ನಾಡೇ ಒಂದಾಗಿದೆ, ಇನ್ನು ನಮಗೆ ಈ ರೈಟು ಲೆಫ್ಟು ಯಾಕ್ರಪ್ಪ? ಆಟಾನೂ ಕನ್ನಡದಲ್ಲೇ ಆಡೋಣ” ಎಂದರು. ಅಭ್ಯಾಸದಲ್ಲಿ ನಿಧಾನವಾಗಿ “ಬಲಗಡೆ ಹೋಗು, ಎಡಗಡೆ ಕೊಡು” ಎನ್ನುವರು. ಹುಡುಗರು ಶಾಲೆ ಕಲಿತವರು, ಅರ್ಥವಾಗುತ್ತಿತ್ತು. ಕೊನೆಯ ಆಟ ಬಂಟ್ವಾಳದಲ್ಲಿ, ಬಂಟ್ವಾಳದ ತಂಡದ ಎದುರು, ತಿಂಗಳ ಕೊನೆಗೆ ಎಂದು ನಿಶ್ಚಯವಾಯಿತು.

ಆಟಕ್ಕೆ ಎಂಟು ದಿನ ಇರುವಾಗ ಹುಕ್ರಪ್ಪ ಓಡಿಕೊಂಡು ಬಂದ. “ಜಲಜಕ್ಕ, ನಿನ್ನೆ ನಾನು ಬಂಟ್ವಾಳಕ್ಕೆ ಹೋಗಿದ್ದೆ ಮಾರಾಯ್ತಿ. ಹೊಳೆಯ ಬದಿಯಲ್ಲಿ ಯಾರು ಕೂತಿದ್ದರು ಹೇಳು? ನಿನ್ನ ಮಾಷ್ಟ್ರು! ಅವರ ತಂಡದ ಮನುಷ್ಯನೊಟ್ಟಿಗೆ, ಹೀಗೆ, ತಲೆಗೆ ತಲೆ ಕೊಟ್ಟು!”

“ನನ್ನ ಮಾಷ್ಟ್ರು ಎಂತದು? ಯಾವ ಮನುಷ್ಯ?”

“ಅವರ ಬಟ್ಟೆ ಒಗೆಯುವವ.”

ಬಟ್ಟೆ ಒಗೆಯುವವನ ಹತ್ತಿರ ಅವರಿಗೆ ಎಂತ ಕೆಲಸ ಎಂಬುದು ಈ ಲೋಕದಲ್ಲಿ ಒಬ್ಬಳಿಗಾದರೂ ಹೊಳೆಯಬೇಕಾಗಿತ್ತು. ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆಯಿತು, ಆದರೆ ಅನುಮಾನದ ರುಚಿ ಹತ್ತಿದ ಬಾಯಿ, ಸುಮ್ಮನಿದ್ದೆ.

ಬಂಟ್ವಾಳದ ಆ ಸಂಜೆ ಮೈದಾನದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಬೊಬ್ಬೆಯೆಲ್ಲ ತುಳುವಿನಲ್ಲಿ. ಒಂದಕ್ಕೊಂದು ಗೋಲಾಗಿ ಆಟ ಮುಗಿಯಲು ಹತ್ತು ನಿಮಿಷ ಉಳಿದಿತ್ತು. ಮಾಷ್ಟ್ರು ಎಡಬದಿಯ ಗೆರೆಯ ಹೊರಗೆ ನಿಂತಿದ್ದರು. ಅವರಿಂದ ನಾಲ್ಕು ಮಾರು ಆಚೆ ನೀರಿನ ಕೊಡಪಾನದೊಂದಿಗೆ ನಾನು. ಧರಣೇಂದ್ರ ಎದುರಿನ ಅಂಚಿನಲ್ಲಿರಬೇಕಾದವನು ಸ್ವಲ್ಪ ನಡುವಿಗೆ ಸರಿದಿದ್ದ. ಆಗ ಮಾಷ್ಟ್ರು ಕೈ ಬೀಸಿ ಕೂಗಿದರು. ಇನ್ನೊಮ್ಮೆ ಕೂಗಿದರು. ಅವನು ತನ್ನ ಅಂಚನ್ನು ಪೂರಾ ಬಿಟ್ಟು ಇವರ ಕಡೆಗೇ ಓಡಿ ಬಂದ. ಇವರು ಮತ್ತೂ ಜೋರಾಗಿ ಕೂಗಿದರು; ಅವನು ಮತ್ತೂ ಜೋರಾಗಿ ಬಂದ. ಅಷ್ಟರಲ್ಲಿ ನಮ್ಮ ಹಿಂದಿನವರು ಒದ್ದ ಚೆಂಡು ಧರಣೇಂದ್ರ ಬಿಟ್ಟುಬಂದ ಖಾಲಿ ಜಾಗಕ್ಕೆ ಹೋಗಿ ಬಿತ್ತು. ಬಂಟ್ವಾಳದವರು ಅದನ್ನು ಎತ್ತಿಕೊಂಡು ಹೋಗಿ ಗೋಲು ಹೊಡೆದರು. ಸೋತೆವು.

ಬಸ್ಸಿನಲ್ಲಿ ಯಾಕೂಬ್ ಒಬ್ಬನೇ ಬಾಯಿ ಬಿಟ್ಟ: “ಚೆಂಡು ಬರುವುದು ನನಗೆ ಕಂಡಿತು ಜಲಜಕ್ಕ. ಅಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ.” ಮಾಷ್ಟ್ರು ಮುಂದಿನ ಸೀಟಿನಲ್ಲಿ ಧರಣೇಂದ್ರನನ್ನೇ ನೋಡುತ್ತಿದ್ದರು. ಧರಣೇಂದ್ರ ಅವರನ್ನೇ ನೋಡುತ್ತಿದ್ದ. ಆ ನೋಟದ ಅರ್ಥ ಆಗ ನನಗೆ ಆಗಲಿಲ್ಲ, ಈಗ ಆಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸುತ್ತಿದ್ದರು.

ಮಾಷ್ಟ್ರು ಬಂಟ್ವಾಳದವರಿಗೆ ಆಟ ಬಿಟ್ಟುಕೊಟ್ಟರೆಂಬ ದೂರಿನ ಮೇಲೆ ಜನವರಿಯಲ್ಲಿ ವಿಚಾರಣೆ. ಪ್ರಿನ್ಸಿಪಾಲರ ಕೋಣೆ, ವೀರರಾಜರು, ಇನ್ನಿಬ್ಬರು ಸದಸ್ಯರು. ಅಂಥಾ ಕೋಣೆಯಲ್ಲಿ ಯಾರೂ ತುಳು ಆಡುವುದಿಲ್ಲ. ಒಳ್ಳೆಯ ಕನ್ನಡವನ್ನು ಆರಿಸಿ ಆರಿಸಿ ಆಡುತ್ತಾರೆ. ಧರಣೇಂದ್ರನೂ ಹಾಗೆಯೇ ಹೇಳಿದ: “ತರಬೇತುದಾರರು ನನ್ನನ್ನು ‘ಬಾ, ಬಾ’ ಎಂದು ಮೂರು ಬಾರಿ ಕರೆದರು. ಆದ್ದರಿಂದ ಬಂದೆನು.”

ಮಾಷ್ಟ್ರ ಮುಖ ಕೆಂಪಾಯಿತು. “ಬಾ ಅಂತ ನಾನು ಒಂದೇ ಒಂದು ಸಲಾನೂ ಅಂದಿಲ್ಲ ಸ್ವಾಮಿ. ಯಾಕಪ್ಪ ಹೀಗೆ ಸುಳ್ಳು ಹೇಳ್ತೀಯ?”

“ಬಂಟ್ವಾಳಕ್ಕೆ ಮೊದಲೇ ಹೋದದ್ದು ಯಾಕೆ?” ಎಂದು ವೀರರಾಜರು ಕೇಳಿದರು.

“ಅವರ ಅಂಗಿ ನೋಡೋಕೆ.”

ಕೋಣೆಯಲ್ಲಿ ಯಾರೋ ನಕ್ಕರು. ಆಮೇಲೆ ವೀರರಾಜರು ನನ್ನ ಕಡೆಗೆ ತಿರುಗಿದರು. “ಜಲಜಾ, ನೀನು ಹತ್ತಿರ ಇದ್ದವಳು. ಇವರು ಕರೆದದ್ದು ಹೌದಾ?”

ನನ್ನ ಕಿವಿಗೆ ಬಿದ್ದದ್ದು ಬಿದ್ದಿತ್ತು. “ಹೌದು ಧಣಿ, ಕರೆದರು” ಎಂದೆ. ಅಂಗಿಯ ಸಂಗತಿ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವೀರರಾಜರು ಉಳಿದವರಿಗೆ ಹೇಳಿದರು: “ಓದು ಬರಹ ಇಲ್ಲದ ಹೆಂಗಸು. ಸುಳ್ಳು ಹೇಳಿ ಅವಳಿಗೆ ಎಂತ ಆಗಬೇಕು?” ಆ ಸಾಲು ಬರೆದಾಯಿತು. ಗುರುಮಲ್ಲಪ್ಪನವರು ಡ್ರಿಲ್ ಮಾಷ್ಟ್ರಾದರು. ಪೇಟೆಯ ಮಕ್ಕಳು ಅವರನ್ನು ‘ಬಂಟ್ವಾಳ ಮಾಷ್ಟ್ರು’ ಎಂದು ಕರೆಯತೊಡಗಿದರು. ಪ್ರೀತಿಯ ಹೆಸರೆಂದು ತಿಳಿದು ಈ ಸಂಪುಟದ ಒಂದೆರಡು ಲೇಖನಗಳಲ್ಲೂ ಅದನ್ನು ಬರೆದಿದ್ದಾರಂತೆ. ದಯವಿಟ್ಟು ತೆಗೆಯಿರಿ. ಅದು ಪ್ರೀತಿಯ ಹೆಸರಲ್ಲ.

ತಂಡ ಕೈತಪ್ಪಿದ ಮೇಲೂ ಅವರು ಬೆಳಗ್ಗೆ ಬಾವಿಕಟ್ಟೆಗೆ ಬರುವುದನ್ನು ಬಿಡಲಿಲ್ಲ. ಅಂಗಿ ಓದುವರು, ಪುಸ್ತಕ ಮಾತ್ರ ತೆರೆಯರು, ಹೋಗುವರು. ೧೯೬೦ರಲ್ಲಿ ಒಂದು ದಿನ ನನ್ನೆದುರು ನಿಂತು, “ಜಲಜಮ್ಮ, ನಂಬರು ನೋಡಿ ಇದು ಇಂಥವನ ಅಂಗಿ ಅಂತ ಹೇಳ್ತೀರಲ್ಲ, ಅಂಕಿ ಬರೋರಿಗೆ ಅಕ್ಷರ ಬರಲ್ವಾ? ಪೇಟೆಯಲ್ಲಿ ರಾತ್ರಿ ಶಾಲೆ ಶುರುವಾಗಿದೆ, ನಿಮ್ಮ ಹೆಸರು ಕೊಟ್ಟು ಬಂದಿದ್ದೀನಿ” ಎಂದರು. ಯಾರ ಮಾತಿನಿಂದ ತಮ್ಮ ಹೆಸರು ಕೆಟ್ಟಿತೋ ಅವಳಿಗೆ! ನನಗೆ ಆಗಲೂ ಅನುಮಾನವೇ. ಸ್ಲೇಟು ಕೊಟ್ಟು ನನ್ನ ಮಾತನ್ನು ತಿರುಗಿಸಲಿಕ್ಕೆ ನೋಡುತ್ತಾರಾ? ಆದರೂ ಹೋದೆ. ಅಕ್ಷರದ ಆಸೆ ಅನುಮಾನಕ್ಕಿಂತ ದೊಡ್ಡದಿತ್ತು.

ಅಲ್ಲಿ ಕಲಿಸುತ್ತಿದ್ದವರು ಅನಂತಮತಿ ಟೀಚರು. ಮರುವರ್ಷ ಒಂದು ದಿನ ತಾವು ಹೇಳಿದ ಕಡೆಯ ಕೈ ಎತ್ತಿಸಿ ಕನ್ನಡದ ಶಬ್ದಗಳನ್ನು ಕಲಿಸುತ್ತಿದ್ದರು. ಮೇಜಿನ ಬಳಿ ನಿಂತು ಗಟ್ಟಿಯಾಗಿ “ಬಲ!” ಎಂದರು. ನನ್ನ ಪಕ್ಕ ಕುಳಿತಿದ್ದ ಸಫಿಯಮ್ಮ ಸೀರೆ ಸರಿಮಾಡಿಕೊಂಡು ಎದ್ದು, ನಡೆದುಹೋಗಿ ಟೀಚರ ಎದುರು ನಿಂತಳು.

“ಎಂತ ಸಫಿಯಮ್ಮ, ಕೈ ಎತ್ತುವುದು ಬಿಟ್ಟು ಇಲ್ಲಿ ಬಂದದ್ದು?”

“ನೀವೇ ಕರೆದದ್ದಲ್ಲವಾ ಟೀಚರೇ?”

“ಅಯ್ಯೋ ಮಾರಾಯ್ತಿ, ನಾನು ಹೇಳಿದ್ದು ತುಳು ಅಲ್ಲ, ಕನ್ನಡ!”

ತುಳುವಿನಲ್ಲಿ ‘ಬಲ’ ಎಂದರೆ ‘ಬಾ’. ಕನ್ನಡದಲ್ಲಿ ಅದೇ ‘ಬಲ’ ಎಂದರೆ ಬಲಗಡೆ. ನಮ್ಮಲ್ಲೂ ಬಲಗೈಯನ್ನು ‘ಬಲತ ಕೈ’ ಎನ್ನುತ್ತೇವೆ. ಆದರೆ ದೂರದಿಂದ ಯಾರಾದರೂ ಕೈ ಬೀಸಿ ಬರೀ ‘ಬಲ’ ಎಂದರೆ ತುಳುವರ ಕಾಲು ತಾನಾಗಿ ಅತ್ತ ನಡೆಯುತ್ತದೆ. ತರಗತಿ ಇಡೀ ನಕ್ಕಿತು, ಸಫಿಯಮ್ಮನೂ ನಕ್ಕಳು. ನಾನು ಮಾತ್ರ ಬಂಟ್ವಾಳದ ಮೈದಾನದಲ್ಲಿ ನಿಂತಿದ್ದೆ. ಅವರು ಆ ದಿನ ಕೂಗಿದ್ದು ‘ಬಲ, ಬಲ’. ಅಭ್ಯಾಸದಲ್ಲಿ ‘ಬಲಗಡೆ’ ಎನ್ನುತ್ತಿದ್ದವರು ಅವಸರಕ್ಕೆ ಶಬ್ದವನ್ನು ತುಂಡು ಮಾಡಿದ್ದರು. ಹುಡುಗ ತುಳುವಿನಲ್ಲಿ ಕೇಳಿ, ಪ್ರಿನ್ಸಿಪಾಲರ ಕೋಣೆಯಲ್ಲಿ ಅದನ್ನು ಮರ್ಯಾದೆಯಿಂದ ಕನ್ನಡ ಮಾಡಿ ‘ಬಾ’ ಎಂದ. ತುಳು ಬಾರದ ಮಾಷ್ಟ್ರು, ತಾವು ಆಡದ ‘ಬಾ’ ಎಂಬ ಶಬ್ದವನ್ನು ಆಡಲಿಲ್ಲ ಎಂದರು. ಇಬ್ಬರೂ ಸತ್ಯವನ್ನೇ ಹೇಳಿದ್ದರು.

ಆ ವಾರವೇ ಆಡಳಿತ ಮಂಡಳಿಗೆ ಒಂದು ಕಾಗದ ಬರೆದೆ. ನನ್ನ ಜನ್ಮದ ಮೊದಲ ಕಾಗದ. ಬರೆದು ಕಳುಹಿಸಲಿಲ್ಲ. ಯಾಕೆಂದರೆ ಊರು ಹೇಳುವುದು ನನಗೆ ಬರೆದಿಟ್ಟ ಹಾಗೆ ಕೇಳುತ್ತಿತ್ತು: ‘ಓದು ಬಾರದಾಗ ನಿಜ ಹೇಳಿದಳು, ಅವರೇ ಶಾಲೆಗೆ ಸೇರಿಸಿ, ಅವರೇ ಅಕ್ಷರ ಕೊಡಿಸಿ, ಈಗ ಬೇರೆ ಮಾತು ಬರೆಸಿದ್ದಾರೆ.’ ನನ್ನ ಕಾಗದದಿಂದ ಅವರ ಹೆಸರು ಇನ್ನೂ ಕೆಡುತ್ತದೆ ಎಂದುಕೊಂಡೆ. ನನ್ನ ಕೆಲಸದ ಭಯವೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾಷ್ಟ್ರಿಗೂ ಹೇಳಲಿಲ್ಲ, ಹೇಳಿದ್ದರೆ ಅವರು ಬಾಯಿ ಬಿಡುವರು, ಆಗಲೂ ಅದೇ ಮಾತು ಬರುವುದು. ಹೀಗೆ ಎಂಟು ವರ್ಷ. ದಿನಾ ಬೆಳಗ್ಗೆ ಅವರು ಬರುವರು, “ಇವತ್ತು ಏನು ಓದಿದ್ರಿ ಜಲಜಮ್ಮ?” ಎಂದು ಕೇಳುವರು. ನಾನು ಪಾಠದ ಹೆಸರು ಹೇಳುವೆ. ಕಾಗದದ ಸಂಗತಿ ಹೇಳೆ.

ಈ ಮೇ ತಿಂಗಳಲ್ಲಿ ಸಂಪಾದಕರು ಹಳೆಯ ಆಟಗಾರರಿಗೆಲ್ಲ ಲೇಖನ ಕೇಳಿದಾಗ, ಧರಣೇಂದ್ರರು ಒಬ್ಬರೇ ಒಲ್ಲೆ ಎಂದರೆಂದು ತಿಳಿಯಿತು. ಅವರೀಗ ಬೆಳ್ತಂಗಡಿಯಲ್ಲಿ ವಕೀಲರು, ಮನೆ ಅಳದಂಗಡಿಯಲ್ಲಿ. ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಒಂದು ಶಬ್ದವನ್ನು ಬಿಟ್ಟು.

“ಹೊಗಳಿ ಬರೆಯಲಿಕ್ಕೆ ನನ್ನಲ್ಲಿ ಎಂತದೂ ಇಲ್ಲ ಜಲಜಕ್ಕ,” ಎಂದರು ಧರಣೇಂದ್ರರು. “ಕರೆದದ್ದು ಅವರೇ. ಮತ್ತೆ ಕರೆಯಲಿಲ್ಲ ಅಂತ ಎಲ್ಲರ ಎದುರು ನನ್ನನ್ನು ಸುಳ್ಳುಗಾರ ಮಾಡಿದ್ದೂ ಅವರೇ.”

“ಎಂತ ಹೇಳಿ ಕರೆದದ್ದು, ಸಣ್ಣ ಧಣಿ?”

“‘ಬಲ’ ಅಂತ. ಮೂರು ಸಲ. ನೀನೂ ಕೇಳಿದ್ದೀಯಲ್ಲ.”

“ಕೇಳಿದ್ದೇನೆ. ಆದರೆ ಆ ನಂಜನಗೂಡಿನ ಮಾಷ್ಟ್ರಿಗೆ ತುಳು ಯಾವಾಗ ಬಂದದ್ದು?”

ವಕೀಲರು ಎದ್ದು ಅಂಗಳದ ಕಡೆ ಮುಖ ಮಾಡಿ ನಿಂತರು. ತಮಗೆ ತಾವೇ ಎಂಬಂತೆ, “ಹತ್ತು ವರ್ಷ ಆ ಮನುಷ್ಯನ ಎದುರು ಬಂದಾಗೆಲ್ಲ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿದ್ದೇನೆ” ಎಂದರು.

ನಾನು ಕಾಗದ ಬಿಚ್ಚಿ ಮುಂದೆ ಇಟ್ಟೆ. ಎರಡು ಸಲ ಓದಿದರು. “ಕಾಗುಣಿತ ನಾಲ್ಕು ಕಡೆ ತಪ್ಪಿದೆ” ಎಂದರು. “ತಿದ್ದಬೇಡಿ, ತಿದ್ದಿದರೆ ಯಾರೋ ಬರೆಸಿದ್ದು ಅಂತಾರೆ” ಎಂದೆ. ಆಗ ಅವರು ಪೆನ್ನು ತೆಗೆದು ನನ್ನ ಬರಹದ ಕೆಳಗೆ ತಮ್ಮ ಕೈಯಿಂದ ಬರೆದರು: ‘ಮೈದಾನದಲ್ಲಿ ನಾನು ಕೇಳಿದ ಶಬ್ದ ಬಲ. ವಿಚಾರಣೆಯಲ್ಲಿ ನಾನು ಹೇಳಿದ ಬಾ ಎಂಬುದು ನನ್ನ ಅನುವಾದ. ಶ್ರೀ ಗುರುಮಲ್ಲಪ್ಪನವರು ನನ್ನನ್ನು ಕರೆಯಲಿಲ್ಲ.’ ಹೆಸರು, ತಾರೀಕು ಹಾಕಿ, “ಮಾವನಿಗೆ ನಾನು ಹೇಳುತ್ತೇನೆ” ಎಂದರು.

ಹೇಳಿದರೋ ಇಲ್ಲವೋ ನನಗೆ ತಿಳಿಯದು. ವೀರರಾಜರು ಈಗಲೂ ಕಾರ್ಯದರ್ಶಿಗಳು. ಆದುದರಿಂದ ಕಾಗದವನ್ನು ಕಾಲೇಜಿನ ಆಫೀಸಿಗೆ ಕೊಡದೆ, ಮಂಗಳೂರಿನಲ್ಲಿರುವ ಮಂಡಳಿಯ ಅಧ್ಯಕ್ಷರ ವಿಳಾಸಕ್ಕೆ ಕಳುಹಿಸುವುದೆಂದು ನಿಶ್ಚಯಿಸಿದೆ. ಈ ಲೇಖನದಲ್ಲಿ ಒಂದು ಸಾಲನ್ನೂ ತೆಗೆಯಬಾರದೆಂದು ಸಂಪಾದಕರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಪೂಜ್ಯ ಗುರುಮಲ್ಲಪ್ಪನವರೇ, ನೀವು ಇದನ್ನು ಓದುವ ಹೊತ್ತಿಗೆ ನನ್ನ ಮೇಲೆ ಸಿಟ್ಟು ಬಂದರೆ ಅದು ನ್ಯಾಯವಾದದ್ದು. ನಿಮಗೆ ಬೆನ್ನು ಬಾಗದ ದೀರ್ಘಾಯುಸ್ಸು ಬರಲಿ. ಲಾಯಿಲದ ಹುಡುಗರ ತಂಡ ನಿಮ್ಮ ಕೈಗೆ ಸೇರಲಿ. ಮುಂದಿನ ಮಳೆಗಾಲಕ್ಕೆ ಆ ಹುಡುಗರು ನಿಮ್ಮ ಹಿಂದೆ ಓಡುವುದನ್ನು ನೋಡುವ ಭಾಗ್ಯ ಈ ಮುದುಕಿಗೂ ಇರಲಿ.

ನಿನ್ನೆ, ಜೂನ್ ಹನ್ನೆರಡರಂದು, ಮೂಡುಬಿದಿರೆಯ ಅಂಚೆ ಕಚೇರಿಯಲ್ಲಿ ಕಾಗದವನ್ನು ರಿಜಿಸ್ಟ್ರಿ ಮಾಡಿಸಿದೆ. ಗುಮಾಸ್ತರು ಚೀಟಿ ಹರಿದು ಕೊಟ್ಟು, “ಆಯಿತಮ್ಮ, ಇನ್ನು ಮನೆಗೆ ಹೋಗಿ” ಎಂದರು. ನಾನು ಹೋಗಲಿಲ್ಲ. ಜಗಲಿಯಲ್ಲಿ ಕುಳಿತೆ. ಟಪ್ಪಾಲು ಚೀಲಕ್ಕೆ ಅರಗು ಹಾಕುವುದನ್ನು ನೋಡಿದೆ, ಅದನ್ನು ಮಂಗಳೂರು ಬಸ್ಸಿನ ಮೇಲೆ ಏರಿಸುವುದನ್ನು ನೋಡಿದೆ, ಬಸ್ಸು ತಿರುವು ದಾಟಿ ಹೋಗುವವರೆಗೆ ನೋಡಿದೆ. ಆಮೇಲೆ ಎದ್ದೆ.